ನೀಲಿ ಬಣ್ಣ ಹೋದರೆ ನೀರು ಒಡೆಯಿತೇ? ಪಾಲಕ್ ಎಲೆಯಲ್ಲಿ ಎಲೆಕ್ಟ್ರಾನಿನ ಹಾದಿ ಹಿಡಿಯುವ ಪ್ರಯೋಗ

ಪಾಲಕ್ ಎಲೆಯಿಂದ ತೆಗೆದ ಹಸಿರು ದ್ರವಕ್ಕೆ ಡಿಸಿಪಿಐಪಿ ಎಂಬ ನೀಲಿ ಬಣ್ಣವನ್ನು ಬೆರೆಸಿ ಬೆಳಕಿಗೆ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ನೀಲಿ ಕರಗಿ ಬರಿಯ ಹಸಿರು ಉಳಿಯುತ್ತದೆ. ಪದವಿ ತರಗತಿಯ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ದಾಖಲೆ ಪುಸ್ತಕದಲ್ಲಿ ಇದರ ಕೆಳಗೆ ‘ನೀರು ವಿಭಜನೆಯಾಯಿತು’ ಎಂದು ಒಂದು ಸಾಲು ಬರೆದು ಸಹಿ ಮಾಡಿಸಿಕೊಳ್ಳುತ್ತಾರೆ. ನಾನೂ ಹಾಗೆಯೇ ಬರೆದವನು, ಮುಂದೆ ಹಲವು ವರ್ಷ ಹಾಗೆಯೇ ಬರೆಸಿದವನು. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಒಮ್ಮೆ, ಕಪ್ಪು ಕಾಗದ ಸುತ್ತಿ ಕಪಾಟಿನೊಳಗೆ ಇಟ್ಟಿದ್ದ ನಳಿಕೆಯನ್ನು ಕೊನೆಗೆ ಬಿಚ್ಚಿ ನೋಡಿದಾಗ ಅದರಲ್ಲಿಯೂ ನೀಲಿ ಇರಲಿಲ್ಲ. ಬೆಳಕೇ ಸೋಕದ ನಳಿಕೆಯಲ್ಲಿ ನೀರು ಒಡೆಯಲು ಸಾಧ್ಯವಿಲ್ಲ. ಹಾಗಾದರೆ ಬಣ್ಣವನ್ನು ತಿಂದದ್ದು ಯಾರು? ಉತ್ತರ ಸಿಕ್ಕಿದ್ದು ಮರುದಿನ: ನಾವು ಎಲೆಯ ರಸವನ್ನು ತೊಳೆಯದೆ ಬಳಸಿದ್ದೆವು, ಆ ರಸದಲ್ಲಿ ಸಿ ವಿಟಮಿನ್, ಎಂದರೆ ಆಸ್ಕಾರ್ಬಿಕ್ ಆಮ್ಲ, ಧಾರಾಳವಾಗಿತ್ತು.

ಬಣ್ಣ ಹೋದದ್ದು ಎಲೆಕ್ಟ್ರಾನುಗಳು ಬಣ್ಣಕ್ಕೆ ಬಂದವು ಎಂಬುದಕ್ಕೆ ಮಾತ್ರ ಸಾಕ್ಷಿ. ಅವು ಎಲ್ಲಿಂದ ಬಂದವು, ಯಾವ ಹಾದಿಯಲ್ಲಿ ಬಂದವು ಎಂಬುದನ್ನು ಬೇರೆ ಬೇರೆ ನಳಿಕೆಗಳನ್ನು ಇಟ್ಟು ಒಂದೊಂದಾಗಿ ಕೇಳಬೇಕು. ಒಂದು ಸಾಧಾರಣ ಸೆಂಟ್ರಿಫ್ಯೂಜ್, ಬಣ್ಣದ ಗಾಢತೆ ಅಳೆಯುವ, ಕೆಂಪು ಫಿಲ್ಟರ್ ಇರುವ ಒಂದು ಕಲರಿಮೀಟರ್, ಒಂದು ಬಾಣಲೆ ಮಂಜುಗಡ್ಡೆ ಇವಿಷ್ಟೇ ಇರುವ ಕಾಲೇಜಿನಲ್ಲಿ ಆ ಕೆಲಸವನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹಾದಿ ಗೊತ್ತಿಲ್ಲದೆ ತಡೆ ಹಾಕಲು ಬರುವುದಿಲ್ಲ

ಪ್ರಯೋಗಕ್ಕೆ ಕೈ ಹಾಕುವ ಮೊದಲು ಎಲೆಕ್ಟ್ರಾನಿನ ಹಾದಿಯನ್ನು ಕಾಗದದ ಮೇಲೆ ಒಮ್ಮೆ ಬರೆದುಕೊಳ್ಳಿ. ಎಲೆಯ ಕೋಶದ ಹಸಿರು ಕಣವಾದ ಕ್ಲೋರೊಪ್ಲಾಸ್ಟಿನೊಳಗೆ ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳಿವೆ. ಅವುಗಳ ಪೊರೆಯಲ್ಲಿ ಹುದುಗಿರುವ, ಬೆಳಕು ಹಿಡಿಯುವ ಪ್ರೋಟೀನುಗಳ ಕೂಟವಾದ ದ್ಯುತಿವ್ಯವಸ್ಥೆ 2ರಲ್ಲಿ ಪಿ680 ಎಂಬ ಪತ್ರಹರಿತ್ತಿನ ಗುಂಪು ಬೆಳಕಿನ ಒಂದು ಕಣವನ್ನು ಹೀರಿ, ಕೆಲವೇ ಪಿಕೋಸೆಕೆಂಡುಗಳಲ್ಲಿ ತನ್ನ ಒಂದು ಎಲೆಕ್ಟ್ರಾನನ್ನು ಫಿಯೊಫೈಟಿನ್ ಎಂಬ ಅಣುವಿಗೆ ಕೊಡುತ್ತದೆ. ಅದು ಅಲ್ಲಿಂದ ಕ್ಯೂಎ ಎಂಬ ಕ್ವಿನೋನಿಗೆ, ಕ್ಯೂಎಯಿಂದ ಕ್ಯೂಬಿಗೆ ದಾಟುತ್ತದೆ. ಎರಡು ಎಲೆಕ್ಟ್ರಾನುಗಳನ್ನೂ ಎರಡು ಪ್ರೋಟಾನುಗಳನ್ನೂ ಪಡೆದ ಕ್ಯೂಬಿ ತನ್ನ ಜಾಗ ಬಿಟ್ಟು, ಪೊರೆಯ ಕೊಬ್ಬಿನಲ್ಲಿ ಪ್ಲಾಸ್ಟೋಕ್ವಿನಾಲ್ ಆಗಿ ಈಜಿಕೊಂಡು ಸೈಟೋಕ್ರೋಮ್ ಬಿ6ಎಫ್ ಸಂಕೀರ್ಣವನ್ನು ಸೇರುತ್ತದೆ. ಇಡೀ ಸಾಲಿನಲ್ಲಿ ನಿಧಾನವಾದ ನಡೆ ಇದೇ, ಹತ್ತು ಇಪ್ಪತ್ತು ಮಿಲಿಸೆಕೆಂಡು ಹಿಡಿಯುತ್ತದೆ. ಆಮೇಲೆ ತಾಮ್ರದ ಪ್ರೋಟೀನಾದ ಪ್ಲಾಸ್ಟೋಸಯನಿನ್, ದ್ಯುತಿವ್ಯವಸ್ಥೆ 1ರ ಪಿ700, ಅಲ್ಲಿ ಬೆಳಕಿನ ಇನ್ನೊಂದು ಏಟು, ಫೆರೆಡಾಕ್ಸಿನ್ ಎಂಬ ಪ್ರೋಟೀನು, ಕೊನೆಗೆ ಸಕ್ಕರೆ ತಯಾರಿಕೆಗೆ ಎಲೆಕ್ಟ್ರಾನು ಒಯ್ಯುವ ಎನ್‌ಎಡಿಪಿಎಚ್. ಈ ಎರಡು ಮೆಟ್ಟಿಲಿನ ಚಿತ್ರವನ್ನು 1960ರಲ್ಲಿ ರಾಬಿನ್ ಹಿಲ್ ಮತ್ತು ಫೇ ಬೆಂಡಾಲ್ ಮುಂದಿಟ್ಟರು, ಅದನ್ನೇ ಇಂದು ಝಡ್ ನಕ್ಷೆ ಎನ್ನುತ್ತೇವೆ.

ಎಲೆಕ್ಟ್ರಾನು ಕಳೆದುಕೊಂಡ ಪಿ680ರ ಕಡೆಗೆ ಈಗ ತಿರುಗೋಣ, ಏಕೆಂದರೆ ನಮ್ಮ ಪ್ರಶ್ನೆ ಇರುವುದು ಅಲ್ಲಿ. ನೀರಿನಿಂದ ಎಲೆಕ್ಟ್ರಾನು ಕಿತ್ತು ಆಮ್ಲಜನಕ ಮಾಡಲು ಪಿಎಚ್ 7ರಲ್ಲಿ 0.82 ವೋಲ್ಟಿನ ವಿಭವ, ಎಂದರೆ ಎಲೆಕ್ಟ್ರಾನನ್ನು ಸೆಳೆಯುವ ಬಲ, ಬೇಕು. ಎಲೆಕ್ಟ್ರಾನು ಕಳೆದುಕೊಂಡ ಪಿ680ರ ವಿಭವ 1.2 ವೋಲ್ಟಿಗಿಂತಲೂ ಹೆಚ್ಚು. ಜೀವಕೋಶದಲ್ಲಿ ಇಷ್ಟು ಹಸಿದ ಉತ್ಕರ್ಷಕ, ಎಂದರೆ ಎಲೆಕ್ಟ್ರಾನು ಕಸಿಯುವ ವಸ್ತು, ಇನ್ನೊಂದಿಲ್ಲ. ಆದರೆ ಪಿ680 ನೇರವಾಗಿ ನೀರಿಗೆ ಬಾಯಿ ಹಾಕುವುದಿಲ್ಲ. ನಡುವೆ ಒಂದು ಟೈರೋಸಿನ್ ಇದೆ, ಅದರಾಚೆ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಮತ್ತು ಐದು ಆಕ್ಸಿಜನ್ ಪರಮಾಣುಗಳು ಸೇರಿ ಕಟ್ಟಿದ ಗೊಂಚಲು ಇದೆ. ನೀರನ್ನು ಒಡೆಯುವುದು ಆ ಗೊಂಚಲು. 2011ರಲ್ಲಿ ಜಪಾನಿನ ಜಿಯಾನ್ ರೆನ್ ಶೆನ್, ನೊಬುವೊ ಕಾಮಿಯಾ ಮತ್ತು ಸಂಗಡಿಗರು 1.9 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಅದರ ರಚನೆಯನ್ನು ತೋರಿಸಿದಾಗ, ಅದು ಒಂದು ಕಾಲು ಸೊಟ್ಟಗಾದ ಕುರ್ಚಿಯಂತೆ ಕಂಡಿತು.

ಈ ಗೊಂಚಲು ಒಂದು ವಿಧದಲ್ಲಿ ಲೆಕ್ಕಿಗ. ಒಂದು ಅಣು ಆಮ್ಲಜನಕ ಬಿಡುಗಡೆಯಾಗಬೇಕಾದರೆ ಎರಡು ಅಣು ನೀರಿನಿಂದ ನಾಲ್ಕು ಎಲೆಕ್ಟ್ರಾನು ಹೊರಡಬೇಕು, ಆದರೆ ಪಿ680 ಒಂದು ಸಲಕ್ಕೆ ಒಂದನ್ನೇ ಕೇಳುತ್ತದೆ. ಆದ್ದರಿಂದ ಗೊಂಚಲು ನಾಲ್ಕು ಕಂತುಗಳಲ್ಲಿ ತಾನೇ ಎಲೆಕ್ಟ್ರಾನು ಕೊಟ್ಟು, ಕೊನೆಯಲ್ಲಿ ಒಟ್ಟಿಗೆ ನೀರಿನಿಂದ ವಸೂಲಿ ಮಾಡಿಕೊಳ್ಳುತ್ತದೆ. ಪಿಯೆರ್ ಜೋಲಿಯೊ 1969ರಲ್ಲಿ ಕತ್ತಲೆಯಲ್ಲಿಟ್ಟ ಕ್ಲೋರೊಪ್ಲಾಸ್ಟುಗಳಿಗೆ ಬೆಳಕಿನ ಕ್ಷಣಿಕ ಮಿಂಚುಗಳನ್ನು ಕೊಟ್ಟು ನೋಡಿದಾಗ ಆಮ್ಲಜನಕ ಅತಿ ಹೆಚ್ಚು ಬಂದದ್ದು ಮೂರನೆಯ ಮಿಂಚಿಗೆ, ಆಮೇಲೆ ಏಳನೆಯದಕ್ಕೆ, ಹನ್ನೊಂದನೆಯದಕ್ಕೆ. ಬೆಸೆಲ್ ಕೋಕ್ 1970ರಲ್ಲಿ ಇದನ್ನು ಎಸ್0ರಿಂದ ಎಸ್4ರವರೆಗಿನ ಐದು ಸ್ಥಿತಿಗಳಾಗಿ ವಿವರಿಸಿದರು. ಮೊದಲ ಫಲ ನಾಲ್ಕನೆಯದಕ್ಕೆ ಬಾರದೆ ಮೂರನೆಯದಕ್ಕೇ ಬರುವುದು ಏಕೆಂದರೆ, ಕತ್ತಲೆಯಲ್ಲಿ ಗೊಂಚಲು ತಂಗುವುದು ಎಸ್0ರಲ್ಲಿ ಅಲ್ಲ, ಎಸ್1ರಲ್ಲಿ. ಒಂದು ಕಂತು ಆಗಲೇ ಸಂದಾಯವಾಗಿರುತ್ತದೆ.

ಡಿಸಿಪಿಐಪಿ ಈ ಸಾಲಿನಲ್ಲಿ ಮುಖ್ಯವಾಗಿ ಪ್ಲಾಸ್ಟೋಕ್ವಿನೋನಿನ ಸುತ್ತಮುತ್ತ ನಿಂತು ಎಲೆಕ್ಟ್ರಾನುಗಳನ್ನು ದಾರಿಯಲ್ಲೇ ಕಿತ್ತುಕೊಳ್ಳುತ್ತದೆ. ಎರಡು ಎಲೆಕ್ಟ್ರಾನು ಪಡೆದ ಅಣು ಬಣ್ಣ ಕಳೆದುಕೊಳ್ಳುತ್ತದೆ. ಆದ್ದರಿಂದ ಈ ಪ್ರಯೋಗಕ್ಕೆ ಇಂಗಾಲದ ಡೈಆಕ್ಸೈಡ್ ಬೇಕಿಲ್ಲ, ಸಕ್ಕರೆ ತಯಾರಾಗಬೇಕಾಗಿಯೂ ಇಲ್ಲ. ಎಲೆಯಿಂದ ಬೇರ್ಪಡಿಸಿದ ಕ್ಲೋರೊಪ್ಲಾಸ್ಟಿಗೆ ಎಲೆಕ್ಟ್ರಾನು ಪಡೆಯುವ ಬೇರೊಂದು ವಸ್ತುವನ್ನು, ಕಬ್ಬಿಣದ ಆಕ್ಸಲೇಟನ್ನು, ಕೊಟ್ಟರೂ ಆಮ್ಲಜನಕ ಬರುತ್ತದೆ ಎಂದು 1930ರ ದಶಕದ ಕೊನೆಯಲ್ಲಿ ಕೇಂಬ್ರಿಜಿನಲ್ಲಿ ತೋರಿಸಿದವರು ಇದೇ ಹಿಲ್.

ಯಾವ ಸೊಪ್ಪು ತರಬೇಕು

ಹುಬ್ಬಳ್ಳಿ–ಧಾರವಾಡದ ಪೇಟೆಯಲ್ಲಿ ‘ಪಾಲಕ್’ ಎಂದು ಕೊಡುವುದು ಬಹುತೇಕ ವಿದೇಶಿ ಪುಸ್ತಕಗಳು ಹೇಳುವ ಸ್ಪಿನಾಚ್ ಅಲ್ಲ, ಬೀಟ್‌ರೂಟಿನ ಕುಲಕ್ಕೆ ಸೇರಿದ ಸೊಪ್ಪು. ಇದರಿಂದ ನಷ್ಟವೇನಿಲ್ಲ. ಪತ್ರಹರಿತ್ತಿನ ಅಳತೆಗೆ ನಾವೆಲ್ಲ ಬಳಸುವ ಸೂತ್ರವನ್ನು ಡೇನಿಯಲ್ ಆರ್ನಾನ್ 1949ರಲ್ಲಿ ಕೊಟ್ಟದ್ದು ಕೂಡ ಬೀಟ್ ಕುಲದ ಎಲೆಗಳ ಮೇಲೆ ಕೆಲಸ ಮಾಡುವಾಗಲೇ. ಬೆಳಗಿನ ಆರೂವರೆ ಏಳರ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಂದ ಬುಟ್ಟಿ ಇಳಿಸುವವರ ಬಳಿಯೇ ಸೊಪ್ಪನ್ನು ಕೊಳ್ಳಿ. ಹಿಂದಿನ ದಿನದ ಸೊಪ್ಪಿಗೆ ನೀರು ಚಿಮುಕಿಸಿ ಹಸಿರಾಗಿ ತೋರಿಸುವುದು ಸುಲಭ, ಆದರೆ ಬಾಡಿದ ಎಲೆಯಿಂದ ಬರುವ ಕ್ಲೋರೊಪ್ಲಾಸ್ಟು ಕೆಲಸ ಮಾಡುವುದಿಲ್ಲ. ಎಲೆಯ ದಂಟನ್ನು ಮುರಿದಾಗ ಟಕ್ ಎಂದು ಸದ್ದಾಗಬೇಕು, ಅಷ್ಟೇ ಪರೀಕ್ಷೆ. ಎರಡು ಸಿವುಡು ಸಾಕು, ಉಳಿದದ್ದು ಮನೆಯಲ್ಲಿ ಪಲ್ಯಕ್ಕಾಗುತ್ತದೆ.

ಪುಂಡಿ ಸೊಪ್ಪನ್ನು ಮಾತ್ರ ತರಬೇಡಿ. ಅದರ ಹುಳಿ ಡಿಸಿಪಿಐಪಿಯನ್ನು ನೀಲಿಯಿಂದ ಗುಲಾಬಿಗೆ ತಿರುಗಿಸುತ್ತದೆ, ಅದರ ಲೋಳೆ ಬಟ್ಟೆಯಲ್ಲಿ ಸೋಸಲು ಬಿಡುವುದಿಲ್ಲ. ಕೆಂಪು ರಾಜಗಿರಿಯೂ ಬೇಡ, ಅದರ ಕೆಂಪು ರಸ ಬಣ್ಣದ ಅಳತೆಯನ್ನೆಲ್ಲ ಕೆಡಿಸುತ್ತದೆ.

ದ್ರಾವಣಗಳು

ಹಿಂದಿನ ದಿನವೇ ಅರ್ಧ ಲೀಟರ್ ದ್ರಾವಣ ಮಾಡಿಡಿ. 400 ಮಿಲಿ ಲೀಟರ್ ಬಟ್ಟಿ ಇಳಿಸಿದ ನೀರಿಗೆ 68.5 ಗ್ರಾಂ ಸಕ್ಕರೆ (ಅಡುಗೆ ಮನೆಯ ಬಿಳಿ ಸಕ್ಕರೆಯೇ ಆಗುತ್ತದೆ), 2.7 ಗ್ರಾಂ ಡೈಪೊಟ್ಯಾಶಿಯಂ ಹೈಡ್ರೋಜನ್ ಫಾಸ್ಫೇಟ್, 1.3 ಗ್ರಾಂ ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು 0.37 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್ ಹಾಕಿ ಕರಗಿಸಿ, 500ಕ್ಕೆ ತುಂಬಿಸಿ. ಪಿಎಚ್ 7ರ ಆಸುಪಾಸು ನಿಲ್ಲುತ್ತದೆ. ಗದಗ ಕಡೆಯ ಬೋರ್‌ವೆಲ್ ನೀರಿನಂಥ ಗಡಸು ನೀರು ಇದಕ್ಕೆ ಒಗ್ಗುವುದಿಲ್ಲ, ಅದರಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಸೇರಿ ಬೆಳ್ಳಗೆ ಗಸಿ ಕಟ್ಟುತ್ತದೆ. ಸಕ್ಕರೆ ಕ್ಲೋರೊಪ್ಲಾಸ್ಟು ನೀರು ಹೀರಿ ಉಬ್ಬಿ ಒಡೆಯದಂತೆ ಕಾಯುತ್ತದೆ. ಕ್ಲೋರೈಡನ್ನು ಎಷ್ಟೋ ಕೈಪಿಡಿಗಳು ಕಾರಣ ಹೇಳದೆ ಬರೆಯುತ್ತವೆ, ವಿದ್ಯಾರ್ಥಿಗಳು ಅದನ್ನು ಬಿಟ್ಟೂ ಬಿಡುತ್ತಾರೆ. ಮ್ಯಾಂಗನೀಸ್ ಗೊಂಚಲು ಕೆಲಸ ಮಾಡಲು ಅದರ ಬಳಿ ಕ್ಲೋರೈಡ್ ಇರಲೇಬೇಕು.

ಬಣ್ಣಕ್ಕೆ 10 ಮಿಲಿಗ್ರಾಂ ಡಿಸಿಪಿಐಪಿಯನ್ನು 100 ಮಿಲಿ ಲೀಟರ್ ನೀರಿನಲ್ಲಿ ಕರಗಿಸಿ, ಸೋಸಿ, ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಆಹಾರ ವಿಜ್ಞಾನದವರನ್ನು ಕೇಳಿ. ಹಣ್ಣಿನ ರಸದಲ್ಲಿ ಸಿ ವಿಟಮಿನ್ ಅಳೆಯಲು ಅವರು ಬಳಸುವುದು ಇದೇ ಬಣ್ಣ. ಕತ್ತಲೆಯ ನಳಿಕೆಯಲ್ಲಿ ನಾನು ಮೋಸ ಹೋದದ್ದಕ್ಕೆ ಕಾರಣವೂ ಆ ಒಂದು ವಾಕ್ಯದಲ್ಲಿಯೇ ಇತ್ತು. ಬೇಕಿದ್ದರೆ ಮೊದಲೇ ಪರೀಕ್ಷಿಸಿ: ಸಿ ವಿಟಮಿನ್ ಗುಳಿಗೆಯ ಒಂದು ಚೂರನ್ನು ಮೇಲಿನ ದ್ರಾವಣದಲ್ಲಿ ಕರಗಿಸಿ ಎರಡು ಹನಿ ಹಾಕಿದರೆ, ಕತ್ತಲಿರಲಿ ಬೆಳಕಿರಲಿ, ನೀಲಿ ಕ್ಷಣದಲ್ಲಿ ಹೋಗುತ್ತದೆ.

ಅರೆಯುವುದು, ಸೋಸುವುದು, ತೊಳೆಯುವುದು

ಇಲ್ಲಿಂದ ಮುಂದೆ ಎಲ್ಲವೂ ತಣ್ಣಗಿರಬೇಕು, ಕೈ ಚುರುಕಾಗಿರಬೇಕು. ದ್ರಾವಣ, ಮಿಕ್ಸರಿನ ಜಾರು, ನಳಿಕೆ, ಬಟ್ಟೆ ಎಲ್ಲವನ್ನೂ ಅರ್ಧ ಗಂಟೆ ಮೊದಲೇ ಮಂಜುಗಡ್ಡೆಯ ಮೇಲಿಡಿ.

ನಡು ನರ ತೆಗೆದ 20 ಗ್ರಾಂ ಎಲೆಯನ್ನು ಸಣ್ಣಗೆ ಹರಿದು 60 ಮಿಲಿ ಲೀಟರ್ ದ್ರಾವಣದೊಡನೆ ಮಿಕ್ಸರಿನಲ್ಲಿ ಐದೈದು ಸೆಕೆಂಡಿನಂತೆ ಮೂರು ಸಲ ಮಾತ್ರ ತಿರುಗಿಸಿ. ಚಟ್ನಿಯ ಹಾಗೆ ನುಣ್ಣಗಾಗುವವರೆಗೆ ಬಿಟ್ಟರೆ ಪೊರೆಗಳು ಹರಿದು ಚಿಂದಿಯಾಗುತ್ತವೆ, ಮಿಕ್ಸರಿನ ಬಿಸಿಯೂ ಏರುತ್ತದೆ. ತರಿತರಿಯಾಗಿ ಉಳಿದರೆ ಸಾಕು. ಒಗೆದ ಹಳೆಯ ಧೋತರದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಹಿಂಡುವ ಆಸೆಯನ್ನು ತಡೆದುಕೊಳ್ಳಿ, ಹಿಂಡಿದರೆ ಕೋಶದ ಚೂರುಗಳೂ ರಸದ ಹುಳಿಯೂ ಇಳಿಯುತ್ತವೆ.

ಸೋಸಿದ ರಸವನ್ನು ಸೆಂಟ್ರಿಫ್ಯೂಜಿನಲ್ಲಿಟ್ಟು ನಿಧಾನ ವೇಗದಲ್ಲಿ ಒಂದು ನಿಮಿಷ ತಿರುಗಿಸಿ, ಕೆಳಗೆ ಕೂತ ಒರಟು ಚೂರುಗಳನ್ನು ಬಿಟ್ಟು ಮೇಲಿನ ಹಸಿರು ದ್ರವವನ್ನು ಬೇರೆ ನಳಿಕೆಗೆ ಸುರಿಯಿರಿ. ಅದನ್ನು ನಿಮಿಷಕ್ಕೆ 3000 ಸುತ್ತಿನಲ್ಲಿ ಹತ್ತು ನಿಮಿಷ ತಿರುಗಿಸಿ. ತೋಳಿನ ಉದ್ದ ಹತ್ತು ಸೆಂಟಿಮೀಟರ್ ಇರುವ ಯಂತ್ರದಲ್ಲಿ ಇದು ಗುರುತ್ವದ ಸುಮಾರು ಸಾವಿರ ಪಟ್ಟು. ತಳದಲ್ಲಿ ಕಡು ಹಸಿರು ಮುದ್ದೆ ಕೂರುತ್ತದೆ, ಮೇಲೆ ಹಳದಿ ಮಿಶ್ರಿತ ರಸ ನಿಲ್ಲುತ್ತದೆ. ಆಸ್ಕಾರ್ಬಿಕ್ ಆಮ್ಲವೆಲ್ಲ ಇರುವುದು ಆ ರಸದಲ್ಲಿ. ಅದನ್ನು ಪೂರ್ತಿ ಚೆಲ್ಲಿ, ಮುದ್ದೆಗೆ ಹೊಸ ದ್ರಾವಣ ಹಾಕಿ, ಮೆತ್ತನೆಯ ಬಣ್ಣದ ಕುಂಚದಿಂದ ಮೆಲ್ಲಗೆ ಕಲಸಿ, ಮತ್ತೆ ಹತ್ತು ನಿಮಿಷ ತಿರುಗಿಸಿ. ಈ ಎರಡನೆಯ ಸುತ್ತನ್ನು ಬಿಟ್ಟದ್ದರಿಂದಲೇ ಅಂದು ನಮ್ಮ ಕಪಾಟಿನೊಳಗಿನ ನಳಿಕೆ ಬಣ್ಣ ಕಳೆದುಕೊಂಡದ್ದು. ಸೆಂಟ್ರಿಫ್ಯೂಜ್ ಕೆಟ್ಟಿದ್ದರೆ ಪರಿಚಯದ ರಕ್ತ ಪರೀಕ್ಷೆಯ ಲ್ಯಾಬಿನವರನ್ನು ಮಧ್ಯಾಹ್ನದ ಬಿಡುವಿನಲ್ಲಿ ಕೇಳಿ ನೋಡಿ, ರಕ್ತದ ಸೀರಮ್ ತೆಗೆಯುವ ಯಂತ್ರ ಇದಕ್ಕೂ ಸಾಕು.

ಕೊನೆಯ ಮುದ್ದೆಯನ್ನು 5 ಮಿಲಿ ಲೀಟರ್ ದ್ರಾವಣದಲ್ಲಿ ಕಲಸಿ ಮಂಜುಗಡ್ಡೆಯಲ್ಲಿ, ಕತ್ತಲೆಯಲ್ಲಿ ಇಡಿ. ಬೆಳಕಿನಲ್ಲಿ ಪೆಟ್ಟು ತಿನ್ನುವ ದ್ಯುತಿವ್ಯವಸ್ಥೆ 2ರ ಡಿ1 ಪ್ರೋಟೀನನ್ನು ಜೀವಂತ ಎಲೆ ಮತ್ತೆ ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಬಾಟಲಿಯಲ್ಲಿರುವ ಮುದ್ದೆಗೆ ಆ ರಿಪೇರಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಎರಡು ಗಂಟೆಯೊಳಗೆ ಪ್ರಯೋಗ ಮುಗಿಸಬೇಕು.

ಎಷ್ಟು ದಪ್ಪಗಿದೆ ಎಂದು ಅಳೆಯಲು 0.1 ಮಿಲಿ ಲೀಟರನ್ನು 4.9 ಮಿಲಿ ಲೀಟರ್ 80 ಪ್ರತಿಶತ ಅಸಿಟೋನಿಗೆ ಹಾಕಿ, ತಿಳಿಯಾದ ಮೇಲೆ 652 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು ಓದಿ, ಬಂದ ಅಂಕಿಯನ್ನು 50ರಿಂದ ಗುಣಿಸಿ 34.5ರಿಂದ ಭಾಗಿಸಿ. ಅದು ಒಂದು ಮಿಲಿ ಲೀಟರಿನಲ್ಲಿರುವ ಪತ್ರಹರಿತ್ತಿನ ಮಿಲಿಗ್ರಾಂ. ಓದು 0.345 ಬಂದರೆ ಅರ್ಧ ಮಿಲಿಗ್ರಾಂ ಇದೆ ಎಂದಾಯಿತು, ಅದನ್ನು ಐದು ಪಟ್ಟು ತೆಳುಮಾಡಿ 0.1ಕ್ಕೆ ತನ್ನಿ. ಅಳೆಯುವ ಯಂತ್ರವಿಲ್ಲದವರು ಕಣ್ಣನ್ನೇ ನಂಬಬೇಕು: 0.5 ಮಿಲಿ ಲೀಟರನ್ನು 4.5 ಮಿಲಿ ಲೀಟರ್ ದ್ರಾವಣಕ್ಕೆ ಹಾಕಿದಾಗ ನಳಿಕೆಯ ಹಿಂದೆ ಹಿಡಿದ ದಿನಪತ್ರಿಕೆಯ ಅಕ್ಷರಗಳನ್ನು ಓದಲು ಬರುವಷ್ಟು ತಿಳಿ ಹಸಿರಾಗಿದ್ದರೆ ಸರಿ.

ನಳಿಕೆಗಳನ್ನು ಜೋಡಿಸುವುದು

ಪ್ರತಿ ನಳಿಕೆಯ ಒಟ್ಟು ಗಾತ್ರ 5 ಮಿಲಿ ಲೀಟರ್. ಮೊದಲನೆಯದಕ್ಕೆ 4 ಮಿಲಿ ಲೀಟರ್ ದ್ರಾವಣ, 0.5 ಬಣ್ಣ, ಕೊನೆಯಲ್ಲಿ 0.5 ಕ್ಲೋರೊಪ್ಲಾಸ್ಟು ಹಾಕಿ ಬೆಳಕಿಗಿಡಿ. ಎರಡನೆಯದೂ ಅದೇ, ಆದರೆ ಬಾಯಿ ತಳ ಎಲ್ಲ ಮುಚ್ಚುವಂತೆ ಎರಡು ಸುತ್ತು ಅಲ್ಯೂಮಿನಿಯಂ ಹಾಳೆ ಸುತ್ತಿ ಮೊದಲನೆಯದರ ಪಕ್ಕದಲ್ಲೇ ಇಡಿ. ಕಪಾಟಿನಲ್ಲಿಟ್ಟರೆ ತಾಪಮಾನ ಬೇರೆಯಾಗುತ್ತದೆ. ಮೂರನೆಯದರಲ್ಲಿ ಕ್ಲೋರೊಪ್ಲಾಸ್ಟಿನ ಬದಲು ದ್ರಾವಣವನ್ನೇ ಹಾಕಿ, ಬೆಳಕಿಗೆ ಬಣ್ಣ ತಾನಾಗಿ ಮಾಸುತ್ತದೆಯೇ ಎಂದು ಅದು ಹೇಳುತ್ತದೆ. ನಾಲ್ಕನೆಯದಕ್ಕೆ, 50 ಡಿಗ್ರಿ ಬಿಸಿ ನೀರಿನಲ್ಲಿ ಐದು ನಿಮಿಷ ಇಟ್ಟು ತಣಿಸಿದ ಕ್ಲೋರೊಪ್ಲಾಸ್ಟು. ಐದನೆಯದರಲ್ಲಿ 0.5 ಮಿಲಿ ಲೀಟರ್ ದ್ರಾವಣದ ಜಾಗದಲ್ಲಿ ಅಷ್ಟೇ ಅಟ್ರಾಜಿನ್ ಎಂಬ ಕಳೆನಾಶಕ ಕರಗಿಸಿದ ನೀರು (ಅದನ್ನು ಮಾಡುವ ಬಗೆ ಮುಂದೆ ಇದೆ). ಕಲರಿಮೀಟರಿನ ಸೊನ್ನೆ ಹೊಂದಿಸಲು ಬಣ್ಣವಿಲ್ಲದ, ಕ್ಲೋರೊಪ್ಲಾಸ್ಟು ಇರುವ ಒಂದು ನಳಿಕೆ ಬೇರೆ ಬೇಕು.

ಬೆಳಕಿನ ಬಗ್ಗೆ ಒಂದು ಮಾತು. ಆಷಾಢ ಶ್ರಾವಣದಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಕಿಟಕಿಯ ಬೆಳಕನ್ನು ನೆಚ್ಚುವಂತಿಲ್ಲ, ಚೈತ್ರದಲ್ಲಿ ಅದೇ ಕಿಟಕಿಯ ಬಿಸಿಲು ಹತ್ತು ನಿಮಿಷದಲ್ಲಿ ನಳಿಕೆಯನ್ನು ಕೈ ಸುಡುವಷ್ಟು ಕಾಯಿಸುತ್ತದೆ. ಹಾಗೆ ಕಾದ ನಳಿಕೆ ನಿಮಗೆ ಗೊತ್ತಿಲ್ಲದೆಯೇ ನಾಲ್ಕನೆಯ ನಳಿಕೆಯಾಗಿಬಿಡುತ್ತದೆ. ಆದ್ದರಿಂದ ನಳಿಕೆಗಳನ್ನು ತಣ್ಣೀರು ತುಂಬಿದ ಗಾಜಿನ ಬೀಕರಿನಲ್ಲಿ ನಿಲ್ಲಿಸಿ, 15 ಸೆಂಟಿಮೀಟರ್ ದೂರದಲ್ಲಿ 15 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು ಉರಿಸಿ. ಕರೆಂಟು ಹೋದರೆ ಹೋದ ನಿಮಿಷವನ್ನು ಬರೆದಿಡಿ, ಬಂದ ಮೇಲೆ ಮುಂದುವರಿಸಬಹುದು.

ನಿಮಿಷಕ್ಕೊಮ್ಮೆ ಪ್ರತಿ ನಳಿಕೆಯನ್ನು ತೆಗೆದು 600 ನ್ಯಾನೋಮೀಟರ್ ಆಸುಪಾಸಿನ ಫಿಲ್ಟರಿನಲ್ಲಿ ಓದಿ. ಆರಂಭದಲ್ಲಿ 0.6ರಿಂದ 0.7 ಇರುತ್ತದೆ. ಮೊದಲನೆಯ ನಳಿಕೆ ಮಾತ್ರ ವೇಗವಾಗಿ ಇಳಿಯಬೇಕು. ಎರಡು, ಮೂರು, ನಾಲ್ಕು, ಐದು ಬಹುತೇಕ ನಿಂತಲ್ಲೇ ನಿಲ್ಲಬೇಕು. ಎರಡನೆಯದು ಇಳಿದರೆ ತೊಳೆಯುವುದರಲ್ಲಿ ತಪ್ಪಾಗಿದೆ, ಮೊದಲನೆಯದರ ಫಲಿತಾಂಶವನ್ನೂ ನಂಬಬೇಡಿ.

ಗುಳ್ಳೆ ಎಲ್ಲಿ?

ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುವ ಪ್ರಶ್ನೆ ಇದು. ಉಣಕಲ್ ಕೆರೆಯಂಥ ಕಡೆಯಿಂದ ತಂದ ಹೈಡ್ರಿಲ್ಲ ಗಿಡ ಆಲಿಕೆಯ ಕೆಳಗೆ ಬುಳುಬುಳು ಗುಳ್ಳೆ ಬಿಡುವುದನ್ನು ನೋಡಿದವರು ಇಲ್ಲಿಯೂ ಅದನ್ನೇ ಹುಡುಕುತ್ತಾರೆ. ಲೆಕ್ಕ ಹಾಕಿ ತೋರಿಸುವುದೇ ಒಳ್ಳೆಯದು.

ಬಣ್ಣದ ಓದು 0.42 ಇಳಿಯಿತು ಎನ್ನೋಣ. ಒಂದು ಸೆಂಟಿಮೀಟರ್ ದಾರಿಯಲ್ಲಿ ಒಂದು ಮಿಲಿಮೋಲಾರ್ ಡಿಸಿಪಿಐಪಿಯ ಹೀರಿಕೆ ಸುಮಾರು 21. ಹಾಗಾಗಿ 0.42 ಇಳಿತ ಎಂದರೆ ಲೀಟರಿಗೆ 0.02 ಮಿಲಿಮೋಲ್, 5 ಮಿಲಿ ಲೀಟರಿಗೆ 0.1 ಮೈಕ್ರೋಮೋಲ್ ಬಣ್ಣ. ಒಂದೊಂದು ಅಣು ಎರಡೆರಡು ಎಲೆಕ್ಟ್ರಾನು ಪಡೆದಿದೆ, ಒಟ್ಟು 0.2 ಮೈಕ್ರೋಮೋಲ್ ಎಲೆಕ್ಟ್ರಾನು. ಒಂದು ಅಣು ಆಮ್ಲಜನಕಕ್ಕೆ ನಾಲ್ಕು ಎಲೆಕ್ಟ್ರಾನಿನ ಲೆಕ್ಕದಲ್ಲಿ ಬರಬೇಕಾದ ಆಮ್ಲಜನಕ 0.05 ಮೈಕ್ರೋಮೋಲ್. ಕೋಣೆಯ ತಾಪಮಾನದಲ್ಲಿ ಇದರ ಗಾತ್ರ 1.2 ಮೈಕ್ರೋಲೀಟರ್, ಒಂದು ನೀರಿನ ಹನಿಯ ನಲವತ್ತನೆಯ ಒಂದು ಭಾಗದಷ್ಟು. ಅಷ್ಟೂ 5 ಮಿಲಿ ಲೀಟರ್ ನೀರಿನಲ್ಲಿ ಕರಗಿ ಹೋಗುತ್ತದೆ. ನಳಿಕೆಯಲ್ಲಿ ಗುಳ್ಳೆ ಕಂಡರೆ ಅದು ತಣ್ಣನೆಯ ದ್ರಾವಣ ಬಿಸಿಯಾದಾಗ ಹೊರಬಿದ್ದ ಗಾಳಿ. ಗುಳ್ಳೆ ಕಂಡಿತು ಎಂದು ಬರೆದ ದಾಖಲೆ ಪುಸ್ತಕಕ್ಕೆ ನಾನು ಅಂಕ ಕಳೆಯುತ್ತಿದ್ದೆ.

ಹಾವೇರಿಯ ಹೊಲದಿಂದ ಐದನೆಯ ನಳಿಕೆಗೆ

ಹಾವೇರಿ ಜಿಲ್ಲೆಯ ಮನೆಗಳಿಂದ ಬರುವ ವಿದ್ಯಾರ್ಥಿಗಳಿಗೆ ಅಟ್ರಾಜಿನ್ ಹೊಸ ಹೆಸರಲ್ಲ. ಗೋವಿನಜೋಳ ಬಿತ್ತಿದ ಒಂದೆರಡು ದಿನಕ್ಕೆ, ಮೊಳಕೆ ಏಳುವ ಮೊದಲೇ, ಹಸಿ ನೆಲಕ್ಕೆ ಹೊಡೆಯುವ ಕಳೆಯ ಎಣ್ಣಿ ಅದು. ಡಿ1 ಪ್ರೋಟೀನಿನಲ್ಲಿ ಕ್ಯೂಬಿ ಕೂರಬೇಕಾದ ಗೂಡಿನಲ್ಲಿ ಈ ಅಣು ಹೋಗಿ ಕೂರುತ್ತದೆ. ಕ್ಯೂಎಗೆ ಬಂದ ಎಲೆಕ್ಟ್ರಾನಿಗೆ ಮುಂದೆ ದಾರಿ ಇಲ್ಲದಂತಾಗುತ್ತದೆ. ಕಳೆ ಸಾಯುವುದು ಊಟವಿಲ್ಲದೆ ಎಂದು ಹಲವರು ಭಾವಿಸುತ್ತಾರೆ, ಆದರೆ ಮೊದಲು ಕೊಲ್ಲುವುದು ಬೆಳಕೇ: ಹೀರಿದ ಬೆಳಕಿನ ಶಕ್ತಿ ಹೋಗಲು ಎಡೆಯಿಲ್ಲದೆ ಆಮ್ಲಜನಕವನ್ನು ಕೆರಳಿಸಿ ಪೊರೆಗಳನ್ನು ಸುಡುತ್ತದೆ. ಗೋವಿನಜೋಳದ ಡಿ1ಕ್ಕೂ ಅಟ್ರಾಜಿನ್ ಅಂಟುತ್ತದೆ, ಆದರೆ ಅದು ಅಲ್ಲಿಗೆ ತಲುಪುವ ಮೊದಲೇ ಗಿಡ ಅದನ್ನು ಗ್ಲುಟಾಥಯೋನ್ ಎಂಬ ತನ್ನದೇ ಒಂದು ಸಣ್ಣ ಅಣುವಿಗೆ ಕಟ್ಟಿ ನಿರ್ವಿಷ ಮಾಡಿಬಿಡುತ್ತದೆ. ಜಗತ್ತಿನ ಹಲವೆಡೆ ಈ ಔಷಧಕ್ಕೆ ಬಗ್ಗದ ಕಳೆಗಳು ಹುಟ್ಟಿದವು. ಅವುಗಳಲ್ಲಿ ಬಹಳಷ್ಟರಲ್ಲಿ ಬದಲಾಗಿದ್ದದ್ದು ಡಿ1ರ 264ನೆಯ ಒಂದೇ ಒಂದು ಅಮೈನೋ ಆಮ್ಲ, ಸೆರಿನ್ ಇದ್ದಲ್ಲಿ ಗ್ಲೈಸಿನ್.

ಪ್ರಯೋಗಕ್ಕೆ ಶುದ್ಧ ಅಟ್ರಾಜಿನ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಂಗಡಿಯ 50 ಪ್ರತಿಶತದ ಪುಡಿಯನ್ನು 40 ಮಿಲಿಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ಬಿಟ್ಟು, ಚೆನ್ನಾಗಿ ಅಲುಗಾಡಿಸಿ, ಸೋಸಿ. ಅರ್ಧ ಮಿಲಿ ಲೀಟರ್ ಹಾಕಿದಾಗ ನಳಿಕೆಯಲ್ಲಿ ಸುಮಾರು 9 ಮೈಕ್ರೋಮೋಲಾರ್ ಆಗುತ್ತದೆ, ತಡೆಗೆ ಅದು ಬೇಕಾದಷ್ಟಾಯಿತು. ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ಬಾಯಿಂದ ಪಿಪೆಟ್ ಹೀರುವ ಹಳೆಯ ಚಾಳಿಯನ್ನು ಇಲ್ಲಿಯಂತೂ ಬಿಡಲೇಬೇಕು. ಉಳಿದದ್ದನ್ನು ಸಿಂಕಿಗೆ ಸುರಿಯದೆ ಅಸಿಟೋನಿನ ತ್ಯಾಜ್ಯದಿಂದ ಬೇರೆಯಾಗಿ, ಹೆಸರು ಬರೆದ ಬಾಟಲಿಯಲ್ಲಿ ಇಡಿ.

ನೀರನ್ನು ಹೊರಗಿಟ್ಟು ನೋಡುವುದು

ನಾಲ್ಕನೆಯ ನಳಿಕೆಯೂ ನಿಂತಿತು, ಐದನೆಯದೂ ನಿಂತಿತು. ಕಣ್ಣಿಗೆ ಎರಡೂ ಒಂದೇ ನೀಲಿ. ಆದರೆ ಒಂದರಲ್ಲಿ ಕೆಟ್ಟದ್ದು ಹಾದಿಯ ಬುಡ, ಇನ್ನೊಂದರಲ್ಲಿ ಹಾದಿಯ ನಡು. ಇದನ್ನು ಬೇರ್ಪಡಿಸಿ ತೋರಿಸದೆ ‘ನೀರು’ ಎಂಬ ಶಬ್ದವನ್ನು ನಿರ್ಣಯದಲ್ಲಿ ಬರೆಯುವ ಹಕ್ಕು ನಮಗೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಹುಪಾಲು ಕೈಪಿಡಿಗಳು ಐದನೆಯ ನಳಿಕೆಯಲ್ಲಿಯೇ, ಕೆಲವು ಅದಕ್ಕೂ ಮೊದಲೇ, ನಿಂತುಬಿಡುತ್ತವೆ.

ಬೇಕಾದ ವಸ್ತು ರಸಾಯನಶಾಸ್ತ್ರ ವಿಭಾಗದ ಕಪಾಟಿನಲ್ಲಿಯೇ ಇರುತ್ತದೆ. ನೀರಿನಲ್ಲಿ ಕ್ರೋಮಿಯಂ ಪತ್ತೆ ಹಚ್ಚಲು ಅವರು ಬಳಸುವ ಡೈಫಿನೈಲ್ ಕಾರ್ಬಜೈಡ್, ಚಿಕ್ಕದಾಗಿ ಡಿಪಿಸಿ. ಮ್ಯಾಂಗನೀಸ್ ಗೊಂಚಲು ಇಲ್ಲವಾದಾಗ ಇದು ನೀರಿನ ಜಾಗದಲ್ಲಿ ನಿಂತು ದ್ಯುತಿವ್ಯವಸ್ಥೆ 2ಕ್ಕೆ ಎಲೆಕ್ಟ್ರಾನು ಕೊಡಬಲ್ಲದು. 12 ಮಿಲಿಗ್ರಾಮನ್ನು 5 ಮಿಲಿ ಲೀಟರ್ ಈಥೈಲ್ ಆಲ್ಕೋಹಾಲಿನಲ್ಲಿ ಆ ಹೊತ್ತಿಗೇ ಕರಗಿಸಿ, ಪ್ರತಿ ನಳಿಕೆಗೆ 0.25 ಮಿಲಿ ಲೀಟರ್ ಹಾಕಿ, ಅಷ್ಟು ದ್ರಾವಣವನ್ನು ಕಡಿಮೆ ಮಾಡಿ. ಹೋಲಿಕೆಯ ನಳಿಕೆಗಳಿಗೂ ಅಷ್ಟೇ ಬರಿಯ ಆಲ್ಕೋಹಾಲ್ ಹಾಕುವುದನ್ನು ಮರೆಯಬೇಡಿ.

ಆರನೆಯ ನಳಿಕೆ: ಬಿಸಿಗೆ ಹಿಡಿದ ಕ್ಲೋರೊಪ್ಲಾಸ್ಟು, ಡಿಪಿಸಿ, ಬೆಳಕು. ನೀಲಿ ಮತ್ತೆ ಇಳಿಯತೊಡಗುತ್ತದೆ. ಮೊದಲನೆಯ ನಳಿಕೆಯ ವೇಗ ಪೂರ್ತಿಯಾಗಿ ಮರಳುವುದಿಲ್ಲ, ಏಕೆಂದರೆ 50 ಡಿಗ್ರಿಯ ಬಿಸಿ ಬರಿಯ ಗೊಂಚಲನ್ನಲ್ಲದೆ ಬೇರೆ ಪ್ರೋಟೀನುಗಳನ್ನೂ ಅಷ್ಟಿಷ್ಟು ಕೆಡಿಸಿರುತ್ತದೆ. 45 ಡಿಗ್ರಿಗೆ ಇಳಿಸಿದರೆ ಫಲಿತಾಂಶ ಉತ್ತಮ. ಇನ್ನೂ ಚೊಕ್ಕಟ ಬೇಕೆನ್ನುವವರು ಬಿಸಿಯನ್ನು ಬಿಟ್ಟು, ಪಿಎಚ್ 8.4ರ 0.8 ಮೋಲಾರ್ ಟ್ರಿಸ್ ದ್ರಾವಣದಲ್ಲಿ (100 ಮಿಲಿ ಲೀಟರಿಗೆ 9.7 ಗ್ರಾಂ) ಮಂಜುಗಡ್ಡೆಯ ಮೇಲೆ ಇಪ್ಪತ್ತು ನಿಮಿಷ ನೆನೆಸಿ, ತಿರುಗಿಸಿ, ಮೂಲ ದ್ರಾವಣದಲ್ಲಿ ಮತ್ತೆ ಕಲಸಬಹುದು. ಟ್ರಿಸ್ ಮ್ಯಾಂಗನೀಸನ್ನು ಹೊರಗೆಳೆಯುತ್ತದೆ, ಉಳಿದ ಹಾದಿಯನ್ನು ಹೆಚ್ಚು ಮುಟ್ಟುವುದಿಲ್ಲ.

ಏಳನೆಯದು ಆರನೆಯದೇ, ಹಾಳೆ ಸುತ್ತಿ ಕತ್ತಲೆಯಲ್ಲಿ. ಡಿಪಿಸಿ ತಾನೇ ನೇರವಾಗಿ ಬಣ್ಣವನ್ನು ಸ್ವಲ್ಪ ಮಾಸಿಸುವುದುಂಟು, ಆ ಇಳಿತವನ್ನು ಆರನೆಯದರಿಂದ ಕಳೆಯಿರಿ. ಎಂಟನೆಯದು ಆರನೆಯದಕ್ಕೆ ಅಟ್ರಾಜಿನ್ ಸೇರಿಸಿದ್ದು, ಬೆಳಕಿನಲ್ಲಿ. ಇದು ನಿಲ್ಲಲೇಬೇಕು, ಏಕೆಂದರೆ ಡಿಪಿಸಿ ಎಲೆಕ್ಟ್ರಾನು ಕೊಡುವುದು ತಡೆಗಿಂತ ಹಿಂದೆ. ಎಂಟನೆಯದು ಕತ್ತಲೆಯ ನಳಿಕೆಗಿಂತ ವೇಗವಾಗಿ ಇಳಿದರೆ, ಎಲೆಕ್ಟ್ರಾನುಗಳು ದ್ಯುತಿವ್ಯವಸ್ಥೆ 2ರ ಹಾದಿ ಬಿಟ್ಟು ಅಡ್ಡದಾರಿಯಲ್ಲಿ ಬಣ್ಣವನ್ನು ಸೇರುತ್ತಿವೆ. ಆಗ ಅಟ್ರಾಜಿನ್ ದ್ರಾವಣವನ್ನು ಹೊಸದಾಗಿ ಮಾಡಿ ಮತ್ತೊಮ್ಮೆ ನೋಡಿ.

ದಾಖಲೆ ಪುಸ್ತಕದಲ್ಲಿ ನಿರ್ಣಯ ಬರೆಯುವಾಗ ಈ ಎಂಟೂ ನಳಿಕೆಗಳ ಓದನ್ನು ಒಂದೇ ಹಾಳೆಯ ಮೇಲೆ ರೇಖೆಗಳಾಗಿ ಎಳೆಯಿರಿ, ಅದರ ಕೆಳಗೆ ಇಷ್ಟು ಬರೆದರೆ ಸಾಕು: ‘ಬೆಳಕಿನಲ್ಲಿ ಬಣ್ಣಕ್ಕೆ ಬಂದ ಎಲೆಕ್ಟ್ರಾನುಗಳು ಕ್ಯೂಬಿ ಗೂಡಿನ ಮೂಲಕ ಹಾದು ಬಂದಿವೆ. ಬಿಸಿಗೆ ಕೆಡುವ, ಡಿಪಿಸಿ ಬದಲಿಯಾಗಿ ನಿಲ್ಲಬಲ್ಲ ಒಂದು ಮೂಲದಿಂದ ಅವು ಹೊರಟಿವೆ. ಆ ಮೂಲ ಮ್ಯಾಂಗನೀಸ್ ಗೊಂಚಲಿನಲ್ಲಿ ಉತ್ಕರ್ಷಣೆಗೊಳ್ಳುವ ನೀರು ಎಂಬುದಕ್ಕೆ ಈ ಫಲಿತಾಂಶ ಹೊಂದುತ್ತದೆ.’ ಹೊಂದುತ್ತದೆ ಎಂಬ ಕ್ರಿಯಾಪದವನ್ನು ‘ಸಾಬೀತಾಗಿದೆ’ ಎಂದು ತಿದ್ದಬೇಡಿ. ಹೊರಬರುವ ಆಮ್ಲಜನಕ ನೀರಿನದೇ ಎಂದು ನೇರವಾಗಿ ತೋರಿಸಲು 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಜೊತೆಗಾರರು ಬರ್ಕ್ಲಿಯಲ್ಲಿ ಆಕ್ಸಿಜನ್ 18 ಬೆರೆಸಿದ ನೀರನ್ನು ಪಾಚಿಗೆ ಕೊಟ್ಟು, ಹೊರಬಂದ ಅನಿಲದಲ್ಲಿ ಆ ಭಾರದ ಪರಮಾಣುವನ್ನು ಅಳೆಯಬೇಕಾಯಿತು. ನಮ್ಮ ನಳಿಕೆಗಳಲ್ಲಿ ಆ ಅಳತೆ ನಡೆದಿಲ್ಲ.